ಖಣಿಯ ದಂಡೆಯ ಮುತ್ತಿನ ಗಿಡ

ಮೊನ್ನೆ ನಾದಿನಿ ಹೈದರಾಬಾದಿನಿಂದ ಬರುವಾಗ ಹಸಿರು ಚಹಾದ ಡಬ್ಬಿಯೊಂದನ್ನು ತಂದಳು. ಡಬ್ಬಿಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ‘ಆಂಟಿಆಕ್ಸಿಡೆಂಟುಗಳ ಖಜಾನೆ’ ಎಂಬರ್ಥದ ಮಾತಿತ್ತು. “ದಿನಾ ಕುಡೀರಿ ವೈನಿ, ವಯಸ್ಸು ಹಿಂದಕ ಹೋಗ್ತದ” ಎಂದಳು. ಕುಡಿದೆ. ಬಾಯೆಲ್ಲ ಒಣಹುಲ್ಲು ಅಗಿದಂತಾಯಿತು. ವಯಸ್ಸು ಇದ್ದಲ್ಲಿಯೇ ಕುಳಿತಿತ್ತು.

ಆದರೆ ಆ ಪದ ಮಾತ್ರ ನನ್ನನ್ನು ಬಿಡಲಿಲ್ಲ. ಒಂದು ಕಾಲಕ್ಕೆ ಅದರ ಬೆನ್ನು ಹತ್ತಿ ನಾನು ಜಹೀರಾಬಾದಿನಿಂದ ತಾಂಡೂರಿನ ತನಕ ಬೇಲಿ, ಬದು, ತಿಪ್ಪೆ, ಸ್ಮಶಾನ ಒಂದನ್ನೂ ಬಿಡದೆ ಅಲೆದವಳು. ನನ್ನ ಕಾಲೇಜಿನ ಹುಡುಗಿಯರು ಹಿಂದಿನಿಂದ ನನ್ನನ್ನು ‘ಸೊಪ್ಪಿನ ಮೇಡಂ’ ಎನ್ನುತ್ತಿದ್ದರು. ಎದುರಿಗೆ ಅನ್ನುತ್ತಿದ್ದ ಬರೀ ‘ಮೇಡಂ’ಗಿಂತ ಇದೇ ವಾಸಿ.

ಕರ್ನಾಟಕದ ಗಡಿಯಾಚೆಯ ನಾರಾಯಣಖೇಡದ ನಮ್ಮ ಮನೆಯಲ್ಲಿ ದುಡ್ಡು ಕೊಟ್ಟು ಪಲ್ಯ ತರುವುದೆಂದರೆ ಅವ್ವನಿಗೆ ಅವಮಾನ. ಅಪ್ಪ ಶಾಲೆಯ ಮಾಸ್ತರರು; ಪಗಾರ ಬರುತ್ತಿತ್ತು. ಆದರೂ ಮಳೆ ಬಿದ್ದು ಎಂಟು ದಿನಕ್ಕೆ ಅವ್ವ ನನ್ನ ಕೈ ಹಿಡಿದು ಜೋಳದ ಹೊಲದ ಬದುವಿಗೆ ಇಳಿಯುತ್ತಿದ್ದಳು. ಅಲ್ಲಿ ಯಾರೂ ಬಿತ್ತದ ಹಕ್ಕರಕಿ ಸೊಪ್ಪು, ಯಾರೂ ನೀರು ಹಾಕದ ಗೊರಜಿ. ಉಡಿಯಲ್ಲಿ ಕಿತ್ತು ತಂದು ಬೇಳೆಗೆ ಹಾಕಿದರೆ ಎರಡು ರೊಟ್ಟಿ ಹೆಚ್ಚು ಇಳಿಯುತ್ತಿದ್ದವು. ನಮ್ಮದು ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು. ಹಾಗಾಗಿ ಒಂದೊಂದು ಗಿಡಕ್ಕೂ ಮೂರು ಮೂರು ಹೆಸರು. ನಾಲ್ಕನೆಯದು, ಅಂದರೆ ಲ್ಯಾಟಿನ್ ಹೆಸರು, ನನಗೆ ಮೂವತ್ತು ದಾಟಿದ ಮೇಲೆ ಬಂತು. ಜಹೀರಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಎಂ.ಫಿಲ್ ಮಾಡದಿದ್ದರೆ ನೌಕರಿ ಗಟ್ಟಿಯಾಗದು ಎಂದರು. ವಿಷಯ ಯಾವುದು ಎಂದು ಕೇಳಿದಾಗ ಬಾಯಿಗೆ ಬಂದದ್ದು ಅವ್ವನ ಬದು. ಯಾರೂ ಕೇಳದ, ಯಾರೂ ಬೆಳೆಯದ ಕಾಡುಗಿಡಗಳಲ್ಲಿ ಆಂಟಿಆಕ್ಸಿಡೆಂಟ್ ಗುಣ ಎಷ್ಟಿದೆ ಎಂದು ಅಳೆಯುವುದು.

ಅಳೆಯುವ ಕೆಲಸ ನೋಡಲಿಕ್ಕೆ ಬಲು ಚಂದ. ನೇರಳೆ ಬಣ್ಣದ ಒಂದು ದ್ರಾವಣವಿರುತ್ತದೆ. ಅದಕ್ಕೆ ಗಿಡದ ರಸ ಬಿಟ್ಟು ಕತ್ತಲೆಯಲ್ಲಿ ಅರ್ಧ ಗಂಟೆ ಇಡಬೇಕು, ಬೆಳಕು ತಾಗಬಾರದು. ರಸದಲ್ಲಿ ಗುಣವಿದ್ದರೆ ನೇರಳೆ ಹೋಗಿ ತಿಳಿಹಳದಿಯಾಗುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಕತ್ತಲೆ ಇದ್ದದ್ದು ಒಂದೇ ಕಡೆ, ಮೂಲೆಯ ಕಬ್ಬಿಣದ ಕಪಾಟಿನಲ್ಲಿ. ಅದರೊಳಗೆ ಪ್ರಾಣಿಶಾಸ್ತ್ರದವರ ಅಸ್ಥಿಪಂಜರ ನಿಂತಿತ್ತು, ಅಸಲಿ ಮನುಷ್ಯನದು. ಅದರ ಕಾಲ ಬುಡದಲ್ಲಿ ನನ್ನ ಟೆಸ್ಟ್ ಟ್ಯೂಬುಗಳು. ಅಟೆಂಡರ್ ಮಾಣಿಕಪ್ಪ ಪ್ರತಿ ಸಲ ಕದ ತೆರೆಯುವಾಗ, “ಅಣ್ಣಾ, ಥೋಡೆ ಸರೀರಿ, ಮೇಡಂ ಬಾಟ್ಲಿ ಇಡೋದದ” ಎಂದು ಕೇಳಿಕೊಂಡೇ ಕೈ ಹಾಕುತ್ತಿದ್ದ.

ಮಾಣಿಕಪ್ಪ ತಾಂಡೂರಿನ ಆಚೆಗಿನ ಒಂದು ಹಳ್ಳಿಯವನು. ಮನೆಮಂದಿ ಬೌದ್ಧರು, ಅಪ್ಪ ಕಲ್ಲಿನ ಖಣಿಯಲ್ಲಿ ನೆಲಹಾಸಿನ ಫರಸಿ ಕಲ್ಲು ಎಬ್ಬಿಸಿ ಎಬ್ಬಿಸಿ ಎದೆ ಕೆಟ್ಟು ಸತ್ತ ಮೇಲೆ ಅವ್ವ ಗುಂಡಮ್ಮ ಕೂಲಿ ಮಾಡಿ ಓದಿಸಿದ್ದಳು. ದೇವರು, ದೆವ್ವ ಎರಡನ್ನೂ ನಂಬುವುದಿಲ್ಲ ಎಂದು ಹೇಳುತ್ತಲೇ ಎಲುಬಿನ ಗೂಡಿಗೆ ಅಣ್ಣಾ ಎನ್ನುವ ಮನುಷ್ಯ. ಒಂದು ದಿನ ಅವನಿಗೆ ಈ ಆಂಟಿಆಕ್ಸಿಡೆಂಟ್ ಎಂದರೇನೆಂದು ತಿಳಿಸಲು ಹೋದೆ. ಮೈಯೊಳಗೆ ಜೋಡಿ ಕಳಕೊಂಡ ಒಂಟಿ ಎಲೆಕ್ಟ್ರಾನುಗಳು ತಿರುಗುತ್ತಿರುತ್ತವೆ, ಸಿಕ್ಕವರನ್ನು ಹಿಡಿದು ಹಾಳು ಮಾಡುತ್ತವೆ, ಈ ಗಿಡದ ರಸ ತನ್ನದನ್ನು ಕೊಟ್ಟು ಅವುಗಳನ್ನು ಸುಮ್ಮನಾಗಿಸುತ್ತದೆ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಅಂದ್ರ ದೆವ್ವ ಬಿಡಸೂ ಗಿಡ ಅನ್ರಿ” ಎಂದ. ಎಂಟು ವರ್ಷ ಕಲಿಸಿದ ನನಗೆ ಅಷ್ಟು ಸಸಾರವಾಗಿ ಹೇಳಲು ಬಂದಿರಲಿಲ್ಲ.

ನನ್ನ ಪಟ್ಟಿಯಲ್ಲಿ ಹನ್ನೆರಡು ಗಿಡಗಳು. ಹನ್ನೊಂದು ಸಿಕ್ಕಿದ್ದವು. ಉಳಿದದ್ದು ಪುಸ್ತಕಗಳಲ್ಲಿ ಬಿಳಿಹೂಲಿ ಎನ್ನುವ ಮುಳ್ಳುಪೊದೆ. ಕಲ್ಲುನೆಲದಲ್ಲಿ ಬರುತ್ತದೆ, ಮುತ್ತಿನ ಹಾಗೆ ಸಣ್ಣ ಬಿಳಿ ಹಣ್ಣು. ಚಿಕ್ಕಂದಿನಲ್ಲಿ ನಾನೇ ತಿಂದಿದ್ದೆ. ಈಗ ಹುಡುಕಿದರೆ ಎಲ್ಲಿಯೂ ಇಲ್ಲ. ಬಂಜರು ನೆಲ ಹೊಲವಾಗಿತ್ತು, ಹೊಲ ಖಣಿಯಾಗಿತ್ತು. ಮಾಣಿಕಪ್ಪನಿಗೆ ಚಿತ್ರ ತೋರಿಸಿದೆ. ಯಾವಾಗಲೂ ವಟಗುಟ್ಟುವವನು ಚಿತ್ರದಿಂದ ಕಣ್ಣು ಕಿತ್ತು ಕಿಟಕಿಯ ಕಡೆ ನೋಡಿದ.

“ಇದಕ್ಕ ನಮ್ ಕಡಿ ಮುತ್ತಿನ ಗಿಡ ಅಂತಾರ್ರಿ. ಎಲ್ಲದ ಅಂತ ನಮ್ಮವ್ವಗ ಗೊತ್ತದ. ಆದ್ರ ಆಕಿ ಹೇಳಂಗಿಲ್ಲ.”

“ಯಾಕೆ?”

“ಹೇಳಂಗಿಲ್ರಿ” ಎಂದು ಟ್ಯೂಬು ತೊಳೆಯಲು ಹೋದ.

ಅಷ್ಟರಲ್ಲಿ ಚಳವಳಿಯ ಕಾವು ಏರಿತು. ಪ್ರತ್ಯೇಕ ತೆಲಂಗಾಣ ಬರುವ ತನಕ ಏಳುವುದಿಲ್ಲ ಎಂದು ಎಲ್ಲ ಕಡೆ ಸಮ್ಮೆ, ಅಂದರೆ ಮುಷ್ಕರ, ಕುಳಿತಿತ್ತು. ಶಾಲೆ, ಕಾಲೇಜು, ಕಚೇರಿ ಮುಚ್ಚಿದವು. ನಾನು ತಂಗಿಯ ಬಾಣಂತನ ನೋಡಲೆಂದು ಎರಡು ದಿನಕ್ಕೆ ತಾಂಡೂರಿಗೆ ಹೋದವಳು, ಮರುದಿನದಿಂದ ಬಸ್ಸೇ ಇಲ್ಲದೆ ಅಲ್ಲಿಯೇ ಉಳಿದುಬಿಟ್ಟೆ. ತಾಂಡೂರನ್ನು ನೀವು ಮೊದಲು ಕಂಡಿದ್ದರೆ ಗೊತ್ತಿರುತ್ತದೆ, ಆ ಊರಿಗೆ ಒಂದು ಸದ್ದಿದೆ. ಫರಸಿ ಕೊಯ್ಯುವ ಯಂತ್ರದ ಕಿರ್ರೆನ್ನುವ ಸದ್ದು, ಲಾರಿಗಳ ಗುಡುಗು. ಗಿಡಮರಗಳ ಮೇಲೆ ಸದಾ ಬಿಳಿ ಧೂಳು. ಆ ದಿನಗಳಲ್ಲಿ ಕರೆಂಟಿಲ್ಲ, ಡೀಸೆಲ್ ಇಲ್ಲ, ಯಂತ್ರಗಳು ಬಾಯಿ ಮುಚ್ಚಿದ್ದವು. ಮಳೆಗೆ ಧೂಳು ತೊಳೆದುಹೋಗಿ ಬೇವಿನ ಮರಗಳು ಎಂದೂ ಇಲ್ಲದಷ್ಟು ಹಸಿರಾಗಿ ನಿಂತಿದ್ದವು. ಚಂದ ಕಾಣಬೇಕಿತ್ತು. ನನಗೇಕೋ ಹೆಣಕ್ಕೆ ಮೀಸಿ ಮಡಿ ಉಡಿಸಿದಂತೆ ಕಾಣುತ್ತಿತ್ತು. ಮಧ್ಯಾಹ್ನ ತಂಗಿಯ ಕೂಸು ಅತ್ತರೆ ಮೂರು ಓಣಿಯಾಚೆ ಕೇಳುತ್ತಿತ್ತು.

ಹೀಗಿರುವಾಗ ಒಂದು ಮುಂಜಾನೆ, ಕಾಲೇಜು ಮುಚ್ಚಿ ಊರಿಗೆ ಬಂದಿದ್ದ ಮಾಣಿಕಪ್ಪ ನಾನು ತಂಗಿಯ ಮನೆಯಲ್ಲಿರುವುದು ತಿಳಿದು ಮೊಪೆಡ್ ತಳ್ಳಿಕೊಂಡು ಬಾಗಿಲಿಗೆ ಬಂದ. ಕಣ್ಣು ಕೆಂಪಾಗಿದ್ದವು.

“ಅವ್ವ ನಿಮಗ ಕರಕೊಂಡು ಬಾ ಅಂದಾಳ್ರಿ. ಮುತ್ತಿನ ಗಿಡ ತೋರಸ್ತಾಳಂತ.”

ನನಗೆ ಹಿಗ್ಗು. ಹನ್ನೆರಡನೆಯ ಗಿಡ ಸಿಕ್ಕರೆ ಪ್ರಬಂಧ ಮುಗಿದಂತೆಯೇ. ಅವನ ಮುಖವನ್ನು ಇನ್ನೊಂದು ಗಳಿಗೆ ನೋಡಿದ್ದರೆ ಕೇಳಬೇಕಾದದ್ದನ್ನು ಕೇಳುತ್ತಿದ್ದೆನೇನೋ. ಪ್ಲಾಸ್ಟಿಕ್ ಚೀಲ, ಕತ್ತರಿ ಹಿಡಿದು ಮೊಪೆಡ್ ಹತ್ತಿದೆ. ಬಾಟಲಿಯಲ್ಲಿ ಅವನು ಎಲ್ಲಿಂದಲೋ ಹೊಂದಿಸಿದ್ದ ಪೆಟ್ರೋಲು. ರಸ್ತೆಯ ನಡುವೆ ಕಲ್ಲಿಟ್ಟು ಜನ ಅಡಿಗೆ ಮಾಡುತ್ತಿದ್ದರು. ಅದೂ ಒಂದು ಬಗೆಯ ಪ್ರತಿಭಟನೆ. ಒಬ್ಬ ತೆಲುಗಿನಲ್ಲಿ ತಡೆದು ಎಲ್ಲಿಗೆ ಎಂದ. ‘ಜೈ ತೆಲಂಗಾಣ’ ಎಂದೆವು. ನನ್ನ ಉಚ್ಚಾರ ಕೇಳಿ, “ಕರ್ನಾಟಕದವರಾ?” ಎಂದ. “ನಾರಾಯಣಖೇಡ” ಎಂದೆ. ನಕ್ಕು ಎಲೆಯಲ್ಲಿ ಹುಳಿಯನ್ನ ಕೊಟ್ಟು ಬಿಟ್ಟ.

ಊರು ಮುಟ್ಟಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಖಣಿ ಕೆಲಸ ನಿಂತು ಗಂಡಸರೆಲ್ಲ ಊರಲ್ಲಿಯೇ ಇರಬೇಕು. ಆದರೆ ಕಟ್ಟೆಯ ಮೇಲೆ ಯಾರೂ ಇಲ್ಲ. ಬಾಗಿಲುಗಳು ಮುಚ್ಚಿದ್ದವು. ಮುಚ್ಚಿದ ಬಾಗಿಲುಗಳ ಹಿಂದೆ ಜನ ಇದ್ದಾರೆಂದು ಗೊತ್ತಾಗುತ್ತಿತ್ತು. ಒಂದು ಕೆಮ್ಮು, ಒಂದು ಬಳೆಯ ಸದ್ದು. ಒಂದು ನಾಯಿ ಕೂಡ ನಮ್ಮನ್ನು ನೋಡಿ ಬೊಗಳಲಿಲ್ಲ.

“ಏನಾಗಿದೆ ಮಾಣಿಕಪ್ಪ?”

ಅವನು ಮೊಪೆಡ್ ನಿಲ್ಲಿಸಿ, ನನ್ನ ಕಡೆ ನೋಡದೆ ಹೇಳಿದ. ಊರಾಚೆಗಿನ ಹಳೆಯ ಖಣಿಯಿಂದ ನಿನ್ನೆ ಮಧ್ಯಾಹ್ನ ಕೂಗು ಬಂದಿದೆ. ಮೊನ್ನೆಯೂ ಬಂದಿತ್ತಂತೆ. ‘ಯವ್ವಾ’ ಎಂದು. ಸಣ್ಣ ಹುಡುಗಿಯ ದನಿ. ಯಂತ್ರಗಳ ಸದ್ದು ನಿಂತದ್ದಕ್ಕೆ ಈಗ ಕೇಳುತ್ತಿದೆ, ಇಷ್ಟು ವರ್ಷ ಕೂಗುತ್ತಲೇ ಇದ್ದಳೇನೋ ಎಂದು ಊರ ಮಂದಿ ಆಡಿಕೊಳ್ಳುತ್ತಿದ್ದಾರೆ.

“ಯಾರು?”

“ನಮ್ ತಂಗಿರಿ. ಸುಜಾತಾ. ಹನ್ನೊಂದು ವರ್ಷದಾಕಿ ಇದ್ಲು. ಮುತ್ತಿನ ಹಣ್ಣು ತರ್ತೀನಿ ಅಂತ ಹೋಗಿ ಖಣಿ ನೀರಾಗ ಬಿದ್ಲು. ಇಪ್ಪತ್ತು ವರ್ಷ ಆತು.” ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕುತ್ತ ಮುಂದುವರಿಸಿದ: “ಅವ್ವ ಎರಡು ದಿನದಿಂದ ಖಣಿಗ ಹೋಗ್ತೀನಿ ಅಂತ ಕುಂತಾಳ. ಯಾರೂ ಜೋಡಿ ಬರವಲ್ರು. ನಾನೂ... ಸುಳ್ಳ್ ಯಾಕ ಹೇಳ್ಲಿ, ನಂಗೂ ಕಾಲು ಏಳಲಿಲ್ರಿ. ನಿಮ್ ಮೇಡಂ ಗಿಡ ಕೇಳಿದ್ಲಲ್ಲ, ಆಕಿ ಓದಿದಾಕಿ, ಅಂಜಂಗಿಲ್ಲ, ಕರಕೊಂಡ್ ಬಾ ಅಂದ್ಲು ಅವ್ವ.”

ಓದಿದಾಕೆ ಅಂಜುವುದಿಲ್ಲ ಎಂದು ಯಾರು ಹೇಳಿದರೋ. ತಂಗಿಯ ಮನೆಯಲ್ಲಿ ಬಾಣಂತಿಗೆ ನೀರು ಕಾಯಿಸುತ್ತ ಇರಬಹುದಿತ್ತು.

ಗುಂಡಮ್ಮ ಹೊಸ್ತಿಲ ಮೇಲೆ ಸೆರಗು ಸಿಕ್ಕಿಸಿಕೊಂಡು ಕುಳಿತಿದ್ದಳು. ಎಪ್ಪತ್ತು ದಾಟಿದ, ಬತ್ತಿದ ಮೈ. ನೀರು ಕೊಟ್ಟಳು, ಕುಶಲ ಕೇಳಲಿಲ್ಲ.

“ಅಕ್ಕೋರ, ನಿಮಗ ಗಿಡ ಬೇಕಲ್ಲ?”

“ಹೌದಮ್ಮ.”

“ನಾ ತೋರಸ್ತೀನಿ. ನನ್ ಜೋಡಿ ನೀವು ಬರ್ಬೇಕು. ಅಲ್ಲಿ ಯಾರರ ಕರದ್ರ, ನನ್ ಬಾಯಿ ಮುಚ್ಚಬಾರ್ದು. ಇಷ್ಟs ಮಾತು.”

ನಾನು ತಲೆಯಾಡಿಸಿದೆ. ನಾವು ಹೊರಟ ಮೇಲೆ ಪಕ್ಕದ ಮನೆಯ ಕದ ಒಂದು ಬೆರಳಷ್ಟು ತೆರೆದು, ಒಳಗಿನಿಂದ ಒಂದು ಹೆಂಗಸಿನ ದನಿ ಬಂತು: “ಗುಂಡಕ್ಕಾ, ಮೂರು ಸಲ ಆಗೂತನ ಓ ಅನಬ್ಯಾಡ. ಅದು ಮೂರು ಸಲ ಕರ್ಯಂಗಿಲ್ಲ.” ಕದ ಮುಚ್ಚಿತು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತಿದು. ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಎರಡು ಕೂಗಿಗೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ದೆವ್ವವಾದರೆ ಎರಡಕ್ಕೇ ನಿಲ್ಲಿಸುತ್ತದೆ. ನನ್ನ ಅವ್ವನೂ ಹೇಳುತ್ತಿದ್ದಳು. ಎಂಎಸ್ಸಿ ಮುಗಿಸಿದ ಮೇಲೂ ನಾನು ಮಧ್ಯಾಹ್ನದ ಎರಡು ಕರೆಗೆ ಸುಮ್ಮನಿದ್ದು ಮೂರನೆಯದಕ್ಕೆ ‘ಯಾರು?’ ಎನ್ನುತ್ತಿದ್ದದ್ದು ನಿಜ.

ಗುಂಡಮ್ಮ ಮುಂದೆ, ನಾನು ನಡುವೆ, ಮಾಣಿಕಪ್ಪ ಹಿಂದೆ. ತೊಗರಿ ಹೊಲ ದಾಟಿದರೆ ಒಡೆದ ಫರಸಿಗಳ ಗುಡ್ಡೆಗಳು. ಬಿಳಿ ಕಲ್ಲಿನ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ನೆರಳುಗಳು ಕಾಲ ಕೆಳಗೆ ಮುದುಡಿದ್ದವು. ಗಾಳಿಯಿಲ್ಲ. ನಮ್ಮ ಹೆಜ್ಜೆಗೆ ಕಲ್ಲಿನ ಚೂರು ಜರಿದು ಕಿಣಿಕಿಣಿ ಎನ್ನುವುದು, ಸ್ವಲ್ಪ ತಡೆದು ಎದುರಿನಿಂದಲೂ ಅದೇ ಕಿಣಿಕಿಣಿ ಬರುವುದು. ಪ್ರತಿಧ್ವನಿ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ.

ಖಣಿ ಇದ್ದಕ್ಕಿದ್ದಂತೆ ಕಾಲಬುಡದಲ್ಲಿ ಬಾಯಿ ತೆರೆಯಿತು. ಮೂವತ್ತಡಿಗೂ ಆಳ, ಕೊಯ್ದ ಕಲ್ಲಿನ ಪದರುಗಳು ಮೆಟ್ಟಿಲಿನ ಹಾಗೆ ಇಳಿದು ಇಳಿದು ಹಸಿರು ನೀರಿನಲ್ಲಿ ಮುಳುಗಿದ್ದವು. ನೀರು ಅಲುಗುತ್ತಿರಲಿಲ್ಲ. ಆಚೆ ದಂಡೆಯಲ್ಲಿ, ಬಂಡೆಯ ಸೀಳಿನಿಂದ ಹೊರಬಿದ್ದು ಅರ್ಧ ಖಣಿಯ ಮೇಲೆ ಬಾಗಿ, ಮುತ್ತಿನ ಗಿಡ.

ನಾನು ಆಗ ಮಾಡಿದ್ದನ್ನು ಹೇಳಿಕೊಳ್ಳಲು ಇಂದಿಗೂ ನಾಚಿಕೆ. ಗಿಡ ಕಂಡ ಕೂಡಲೇ ದಂಡೆ ಬಳಸಿ ಓಡಿದೆ. ಭಯ, ಗುಂಡಮ್ಮ, ಸತ್ತ ಹುಡುಗಿ ಎಲ್ಲ ಮರೆತು ಎಲೆ ಕತ್ತರಿಸಿ ಚೀಲಕ್ಕೆ ತುಂಬತೊಡಗಿದೆ. ನೆಲದ ಕಡೆಯ ಟೊಂಗೆಗಳಲ್ಲಿ ಬಿಳಿ ಹಣ್ಣು ಕಿಕ್ಕಿರಿದಿದ್ದವು. ಖಣಿಯ ಕಡೆ ಬಾಗಿದ ಟೊಂಗೆಗಳಲ್ಲಿ ಮಾತ್ರ ಒಂದೂ ಇರಲಿಲ್ಲ. ಅದನ್ನು ಬರೆದುಕೊಳ್ಳಬೇಕು ಎಂದುಕೊಳ್ಳುತ್ತಿದ್ದೆ.

“ಯವ್ವಾ...”

ನನ್ನ ಕಾಲ ಕೆಳಗಿನಿಂದಲೇ ಬಂತು. ತೆಳ್ಳಗೆ, ಸೀಳಿದಂತೆ. ಖಣಿ ಅದನ್ನು ತಿರುಗಿಸಿ ತಿರುಗಿಸಿ ನಾಲ್ಕೂ ಗೋಡೆಗಳಿಂದ ಹೇಳಿಸಿತು. ಕತ್ತರಿ ಕೈಯಿಂದ ಬಿತ್ತು. ನೀರಿಗೆ ಬಿದ್ದ ಸದ್ದು ಬಹಳ ಹೊತ್ತಾದ ಮೇಲೆ ಕೇಳಿದಂತಾಯಿತು. ಮಾಣಿಕಪ್ಪ ಆಚೆ ದಂಡೆಯಲ್ಲಿ ಕುಕ್ಕರಿಸಿ ಕಿವಿ ಮುಚ್ಚಿಕೊಂಡಿದ್ದ. ನನ್ನ ಮನಸ್ಸು ತನ್ನಷ್ಟಕ್ಕೆ ಒಂದು ಎಂದು ಎಣಿಸಿತು.

ಗುಂಡಮ್ಮ ಎಣಿಸಲಿಲ್ಲ.

“ಓ!” ಎಂದಳು. ಆ ಬತ್ತಿದ ಎದೆಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ. “ಬಂದೇ ನನ್ನ ಮಗಳ! ಬಂದೇ! ಅಲ್ಲೇ ಇರು!”

ಹೇಳುತ್ತಲೇ ಸೀರೆ ಎತ್ತಿ ಕಟ್ಟಿ ಕಲ್ಲಿನ ಪದರು ಇಳಿಯತೊಡಗಿದಳು. “ಅವ್ವಾ, ಬ್ಯಾಡ!” ಎಂದು ಮಾಣಿಕಪ್ಪ ಚೀರಿದ. ಅವಳು ತಿರುಗಿ ನೋಡಲಿಲ್ಲ. ಪಾಚಿಗಟ್ಟಿದ ಪದರಿನ ಮೇಲೆ ಕೂತು, ಜಾರಿ, ಮತ್ತೆ ಕೂತು ಇಳಿಯುತ್ತಿದ್ದಳು. ಮೇಲಿನಿಂದ ನೋಡಿದರೆ ಒಬ್ಬ ಮುದುಕಿ ಯಾರದೋ ಮನೆಯ ನೆಲಮಾಳಿಗೆಗೆ ಇಳಿದು ಹೋಗುತ್ತಿರುವ ಹಾಗಿತ್ತು. ನೀರಿನ ಅಂಚಿಗೆ ಮುಟ್ಟಿ, ನಾನು ನಿಂತ ದಂಡೆಯ ಕೆಳಗೆ ಬಗ್ಗಿ ನೋಡಿದಳು. ಅಲ್ಲಿಯೇ ನಿಂತುಬಿಟ್ಟಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ.

ಆಮೇಲೆ ಬೇರೆಯೇ ದನಿಯಲ್ಲಿ, ಮೆಲ್ಲಗೆ, “ಮಾಣಿಕಾ, ಹಗ್ಗ ತಾ. ಮಂದಿಗ ಕರಿ. ಖಾಸಿಂ ಇದ್ದಾನ” ಎಂದಳು.

ಖಾಸಿಂ ಆ ಖಣಿಯ ಪಂಪು ನೋಡಿಕೊಳ್ಳುವವನು. ಸಮ್ಮೆಯಲ್ಲಿ ಯಾರಾದರೂ ಮೋಟಾರು ಬಿಚ್ಚಿಕೊಂಡು ಹೋದರೆ ಎಂದು ಎರಡು ದಿನದ ಕೆಳಗೆ ಒಬ್ಬನೇ ಬಂದಿದ್ದ. ದಂಡೆಯ ಫರಸಿ ಜರಿದು ಕೆಳಗೆ ಬಿದ್ದು, ಮೇಲಿನಿಂದ ಕಾಣದ ಒಂದು ಪೊಟರೆಯಂಥ ಪದರಿಗೆ ಸಿಕ್ಕಿಕೊಂಡಿದ್ದ. ಕಾಲು ಮುರಿದಿತ್ತು, ಫೋನು ನೀರಿಗೆ ಹೋಗಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಪಂಪು ನಿಂತದ್ದರಿಂದ ನೀರು ದಿನಾ ಏರುತ್ತಿತ್ತು. ನಾವು ಹೋದಾಗ ಅವನ ಎದೆಮಟ್ಟ ಬಂದಿತ್ತು. ದನಿ ಉಡುಗಿ ಹೋಗಿತ್ತು. ಬಿಸಿಲು ನೆಟ್ಟಗೆ ನೆತ್ತಿಗೆ ಬಿದ್ದಾಗ ಎಚ್ಚರ ಬರುತ್ತಿತ್ತಂತೆ, ಆಗ ಕೂಗುತ್ತಿದ್ದನಂತೆ. ನೋವಿಗೆ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಶಬ್ದ.

ಮಾಣಿಕಪ್ಪ ಓಡಿ ಹೋಗಿ ‘ಖಾಸಿಂ’ ಎಂದು ಕೂಗಿದ ಮೇಲೆ ಊರಿನ ಕದಗಳೆಲ್ಲ ಒಟ್ಟಿಗೆ ತೆರೆದವು. ಎತ್ತಿನ ಹಗ್ಗ, ಮಲಗುವ ಹೊರಸು, ಏಣಿ ಹಿಡಿದು ಗಂಡಸರು ಓಡಿ ಬಂದರು. ಎರಡು ದಿನ ಬಾಗಿಲ ಹಿಂದೆ ಕಿವಿ ಮುಚ್ಚಿ ಕುಳಿತವರೇ ಈಗ ಕುತ್ತಿಗೆಮಟ್ಟ ನೀರಿಗಿಳಿದು ಅವನನ್ನು ಹೊರಸಿಗೆ ಕಟ್ಟಿ ಎಳೆದರು. ಮಾಣಿಕಪ್ಪ ಎಲ್ಲರಿಗಿಂತ ಮುಂದೆ ಇದ್ದ. ಖಾಸಿಂನ ತುಟಿಗಳು ಬೆಳ್ಳಗೆ ಸುಕ್ಕಾಗಿದ್ದವು. ಮೇಲೆ ತಂದು ಮಲಗಿಸಿದಾಗ ಅವನು ಗುಂಡಮ್ಮನ ಸೆರಗು ಬಿಡಲಿಲ್ಲ.

“ಎರಡು ದಿನ ಏನು ತಿಂದಿ ಭಾಯಿ?” ಎಂದು ಒಬ್ಬ ಕೇಳಿದ.

“ಸಫೇದ್ ಹಣ್ಣು. ಮ್ಯಾಲಿಂದ ಒಗೀತಿದ್ರಲ್ಲ.”

“ಯಾರು?”

“ಮಾಲೂಮಿಲ್ಲ. ಒಂದ್ ಒಂದs ಬೀಳ್ತಿತ್ತು. ಭೂಕ್ ಆದಾಗ ಯವ್ವಾ ಅಂದ್ರ ಒಂದು ಬೀಳ್ತಿತ್ತು.”

ಗಂಡಸರು ಗಿಡದ ಕಡೆ ನೋಡಿ ಕಣ್ಣು ಕೆಳಗೆ ಹಾಕಿದರು. ನಾನು ಮಾತ್ರ, ಅದು ನನ್ನ ಕರ್ತವ್ಯ ಎಂಬಂತೆ, ಪಿಕಳಾರ ಹಕ್ಕಿಗಳು ತಿನ್ನುವಾಗ ಹಣ್ಣು ಉದುರುತ್ತವೆ, ಬಿಸಿಲಿನ ಕಡೆಯ ಹಣ್ಣು ಬೇಗ ಮಾಗಿ ತಾವೇ ಬೀಳುತ್ತವೆ ಎಂದು ಹೇಳಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಆ ಹೊತ್ತಿಗೆ ಅಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ ಎಂಬುದು ನನಗೆ ಹೇಳುತ್ತ ಹೇಳುತ್ತಲೇ ಗಮನಕ್ಕೆ ಬಂತು.

ಖಾಸಿಂನನ್ನು ಟ್ರಾಲಿಯಲ್ಲಿ ಹಾಕಿ ತಾಂಡೂರಿಗೆ ಒಯ್ದರು. ರಸ್ತೆಯ ಮೇಲಿದ್ದವರು ಒಲೆಯ ಕಲ್ಲು ಸರಿಸಿ ದಾರಿ ಬಿಟ್ಟರಂತೆ. ನಾನೂ ಗುಂಡಮ್ಮನೂ ಹಿಂದೆ ಉಳಿದು ನಡೆದು ಬಂದೆವು. ತೊಗರಿ ಹೊಲದ ನಡುವೆ ಅವಳು ನಿಂತಳು. ಅವಳ ಮಂಡಿಗಳಿಂದ ರಕ್ತ ಜಿನುಗುತ್ತಿತ್ತು. ನನ್ನ ಸೆರಗಿನ ಚುಂಗು ಹರಿದು ಕಟ್ಟಲು ಬಗ್ಗಿದೆ.

“ಅವತ್ತು ನಾ ಇಲ್ಲೇ ಕಸಾ ಕೀಳಾಕ ಬಂದಿದ್ದೆ” ಎಂದಳು. “ಹಿಂಗs ಮಟಮಟ ಮಧ್ಯಾಹ್ನ. ಖಣಿ ಕಡಿಯಿಂದ ಯವ್ವಾ ಅಂತ ಕೇಳ್ತು. ನನ್ ಕೂಸಿನ ದನಿನೇ. ಎದ್ದೆ. ಜೋಡಿ ಇದ್ದಾಕಿ ಕೈ ಹಿಡದು ಜಗ್ಗಿದ್ಲು. ಸುಮ್ಮ ಕೂಡು, ಮೂರು ಸಲ ಆಗ್ಲಿ ಅಂದ್ಲು. ಇನ್ನೊಂದ್ ಸಲ ಕರದ್ಲು. ನಾ ಮೂರನೇದ್ದಕ್ಕ ಕಾದೆ.”

ನಾನು ಒಂದು ಮಂಡಿಯ ಗಂಟು ಬಿಗಿದೆ.

“ಸಂಜಿ ಆಗೂತನ ಕಾದೆ ಅಕ್ಕೋರ.”

ಎರಡನೆಯ ಮಂಡಿಗೆ ಪಟ್ಟಿ ಕಟ್ಟಿದೆ. ಕಟ್ಟಿ ಎದ್ದು ಕೇಳಿದೆ: “ಕೆಳಗೆ ಇಳಿದು ಖಾಸಿಂನನ್ನು ಕಂಡಾಗ... ನಿನಗೆ...”

“ಆಕಿ ಇಲ್ಲ ಅಂತ ನಂಗೂ ಗೊತ್ತs ಇತ್ತು. ಹೆಣಾ ನಾನೇ ಮಣ್ಣಿಗಿಟ್ಟೀನಿ. ಆದ್ರ ಕರದವ್ರಿಗಿ ಓ ಅನಬೇಕಲ್ಲ. ಯಾರಿದ್ದರೇನು.”

ಅಷ್ಟು ಹೇಳಿ ಹೊಲದ ಬದುವಿಗೆ ಬಗ್ಗಿ ನಾಲ್ಕು ಹಿಡಿ ಗೊರಜಿ ಸೊಪ್ಪು ಕಿತ್ತು ಉಡಿಗೆ ಹಾಕಿಕೊಂಡಳು. ಎರಡು ದಿನ ಉಂಡಿರಲಿಲ್ಲ. ಅಂದು ಸಂಜೆ ರೊಟ್ಟಿ ಬಡಿದು ನನಗೂ ಬಡಿಸಿ ತಾನೂ ಉಂಡಳು.

ಖಾಸಿಂ ಬದುಕಿದ. ಕಾಲು ಸ್ವಲ್ಪ ಕುಂಟಾಯಿತು. ಪಂಪಿನ ಕೆಲಸ ಬಿಟ್ಟು ಊರಲ್ಲಿಯೇ ಸಣ್ಣ ಕಿರಾಣಿ ಇಟ್ಟಿದ್ದಾನೆ. ಪ್ರತಿ ಶುಕ್ರವಾರ ಗುಂಡಮ್ಮನ ಬಾಗಿಲಿಗೆ ಬಂದು ‘ಅಮ್ಮಾ’ ಎನ್ನುತ್ತಿದ್ದ, ಅವನು ‘ಅ’ ಎನ್ನುವ ಮೊದಲೇ ಒಳಗಿನಿಂದ ‘ಓ’ ಬರುತ್ತಿತ್ತು ಎಂದು ಮಾಣಿಕಪ್ಪ ನಗುತ್ತ ಹೇಳುತ್ತಿದ್ದ. ಖಣಿಯಿಂದ ಮತ್ತೆ ಕೂಗು ಬಂತೇ ಎಂದು ನಾನು ಕೇಳಲಿಲ್ಲ. ಯಂತ್ರಗಳು ಮತ್ತೆ ಶುರುವಾಗಿದ್ದವು; ಬಂದರೂ ಕೇಳುತ್ತಿರಲಿಲ್ಲ.

ಸಮ್ಮೆ ಮುಗಿದು ಕಾಲೇಜು ತೆರೆದ ಮೇಲೆ ಒಣಗಿಸಿದ ಎಲೆ, ಹಣ್ಣು ಅರೆದು ರಸ ತೆಗೆದೆ. ಕಪಾಟಿನ ಕತ್ತಲೆಯಲ್ಲಿ ಅಣ್ಣನ ಪಾದದ ಬಳಿ ಇಟ್ಟೆವು. ಅರ್ಧ ಗಂಟೆ ಬೇಕಿದ್ದದ್ದು. ಮಾಣಿಕಪ್ಪ ತಡೆಯಲಾಗದೆ ಹತ್ತೇ ನಿಮಿಷಕ್ಕೆ ಕದ ತೆರೆದ. ಹನ್ನೊಂದು ಗಿಡಗಳ ಟ್ಯೂಬುಗಳಲ್ಲಿ ಇನ್ನೂ ನೇರಳೆ ಉಳಿದಿತ್ತು. ಮುತ್ತಿನ ಗಿಡದ ಎಲೆಯ ರಸದಲ್ಲಿ ಮಾತ್ರ ಬಣ್ಣವೆಲ್ಲ ಹೋಗಿ ತಿಳಿಯಾಗಿತ್ತು. ಅವನು ಟ್ಯೂಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನನ್ನ ಶೋಧದಿಂದ ಪ್ರಪಂಚವೇನೂ ಬದಲಾಗಲಿಲ್ಲ. ನೌಕರಿ ಗಟ್ಟಿಯಾಯಿತು, ಅಷ್ಟೇ.

ಪ್ರಬಂಧದಲ್ಲಿ ಒಂದೊಂದು ಗಿಡದ ಮುಂದೆ ಅದನ್ನು ಗುರುತಿಸಿ ಕೊಟ್ಟವರ ಹೆಸರು ಬರೆಯಬೇಕಿತ್ತು. ಗುಂಡಮ್ಮನ ಪೂರ್ತಿ ಹೆಸರು ಕೇಳಿಕೊಂಡು ಬಾ ಎಂದು ಮಾಣಿಕಪ್ಪನನ್ನು ಕಳಿಸಿದೆ. ಸೋಮವಾರ ಬಂದು ಹೇಳಿದ, “ಅವ್ವ ತನ್ ಹೆಸರು ಬ್ಯಾಡ ಅಂದಾಳ್ರಿ. ಆ ಗಿಡಾ ಮೊದ್ಲು ಹುಡುಕಿದಾಕಿ ಸುಜಾತಾ ಅಂತ. ಆಕಿದs ಹಾಕಬೇಕಂತ.” ಹಾಕಿದೆ. ಶಾಸ್ತ್ರಕ್ಕೆ ಸರಿಯೋ ತಪ್ಪೋ, ಆಮೇಲೆ ತಿದ್ದಲಿಲ್ಲ.

ಮೌಖಿಕ ಪರೀಕ್ಷೆಗೆ ನಮ್ಮ ಕಾಲೇಜಿಗೇ ಹೈದರಾಬಾದಿನಿಂದ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ಪುಟ ತಿರುವುತ್ತ ಮುತ್ತಿನ ಗಿಡದ ಹತ್ತಿರ ನಿಂತರು. ಈ ಭಾಗದಲ್ಲಿ ಇದು ಉಳಿದೇ ಇಲ್ಲ ಎಂದುಕೊಂಡಿದ್ದೆ, ಹುಡುಕಿದವರ ಕಣ್ಣು ಬಲು ಚುರುಕು ಎಂದು ಮೆಚ್ಚಿಕೊಂಡರು. ಕನ್ನಡಕ ಸರಿಪಡಿಸಿಕೊಂಡು ಹೆಸರು ಓದಿದರು.

“ಈ ಸುಜಾತಾ ಅನ್ನುವವರು ಈಗ ಎಲ್ಲಿದ್ದಾರೆ? ನನ್ನ ವಿದ್ಯಾರ್ಥಿಗಳಿಗೂ ಇಂಥವರ ಸಹಾಯ ಬೇಕು.”

ಕೋಣೆಯ ಮೂಲೆಯಲ್ಲಿ ಚಹಾದ ಕಪ್ಪು ಜೋಡಿಸುತ್ತಿದ್ದ ಮಾಣಿಕಪ್ಪ ನನ್ನ ಕಡೆ ತಿರುಗಿದ.

“ತಾಂಡೂರಿನ ಹತ್ತಿರ, ಸರ್” ಎಂದೆ. “ಅವರ ಅವ್ವನ ಜೊತೆಗಿರುತ್ತಾರೆ.”

ಅವರು ತಲೆಯಾಡಿಸಿ ತಮ್ಮ ಚೀಟಿಯಲ್ಲಿ ಬರೆದುಕೊಂಡರು.